ಹುಳುಕು ‘ನರದ ಹತ್ತಿರ’ ಹೋಗಿದೆ ಅಂದಾಗ: ಹಲ್ಲಿನ ಜೀವ ಉಳಿಸಿಕೊಳ್ಳುವ ಬಗೆ

ಎಕ್ಸ್‌ರೇ ಪರದೆಯ ಮೇಲೆ ನಿಮ್ಮ ದವಡೆ ಹಲ್ಲು. ಅದರ ನಡುವೆ ಒಂದು ಕಪ್ಪು ನೆರಳು. “ಹುಳುಕು ನರದ ಹತ್ತಿರ ಹೋಗಿದೆ” ಎನ್ನುತ್ತಾರೆ ಡಾಕ್ಟರು. ಕುರ್ಚಿಯಲ್ಲಿ ಕೂತವರ ಬಾಯಿಂದ ಬರುವ ಮುಂದಿನ ಮಾತು ಹೆಚ್ಚುಕಡಿಮೆ ಒಂದೇ: “ಹಾಗಾದ್ರೆ ರೂಟ್ ಕೆನಾಲಾ?” ಅಂದರೆ, ಹಲ್ಲಿನ ನರವನ್ನು ಪೂರ್ತಿ ತೆಗೆದು ಆ ಜಾಗವನ್ನು ತುಂಬುವ ಚಿಕಿತ್ಸೆಯೇ ಎಂದು.

ದಂತವೈದ್ಯೆಯಾಗಿ ಈ ಪ್ರಶ್ನೆ ನನ್ನ ಕಿವಿಗೆ ಬೀಳದ ವಾರವಿಲ್ಲ. ಎಷ್ಟೋ ಸಲ ನಾನು ಕೊಡುವ ಉತ್ತರ, “ಬೇಡದೇ ಇರಬಹುದು, ನೋಡೋಣ.” ಯಾಕೆಂದರೆ ‘ನರದ ಹತ್ತಿರ ಹೋಗಿದೆ’ ಅನ್ನೋದು ಬೇರೆ, ‘ನರ ಸತ್ತಿದೆ’ ಅನ್ನೋದು ಬೇರೆ. ಈ ಎರಡರ ನಡುವೆ ಸಾಕಷ್ಟು ಜಾಗ ಇದೆ. ಹಲ್ಲನ್ನು ಜೀವಂತವಾಗಿ ಉಳಿಸಿಕೊಳ್ಳುವ ಕೆಲಸ ನಡೆಯುವುದು ಆ ಜಾಗದಲ್ಲೇ. ಅಲ್ಲಿ ಏನೇನು ಮಾಡಬಹುದು, ನೀವು ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬಾರದು ಎಂದು ಒಂದೊಂದಾಗಿ ಹೇಳುತ್ತೇನೆ.

ನರ ಅಂದರೆ ಏನು, ಅದನ್ನು ಯಾಕೆ ಉಳಿಸಬೇಕು

ಹಲ್ಲಿನ ಹೊರಗೆ ಬಿಳಿಯ ಗಟ್ಟಿ ಎನಾಮಲ್ ಇರುತ್ತದೆ. ಅದರ ಕೆಳಗೆ ತುಸು ಹಳದಿ ಬಣ್ಣದ ಡೆಂಟಿನ್. ನಟ್ಟನಡುವೆ ಮೆತ್ತಗಿನ ತಿರುಳು. ನಾವು ನರ ಅಂತ ಕರೆಯೋದು ಈ ತಿರುಳನ್ನೇ. ಅದರಲ್ಲಿ ನರ ಮಾತ್ರ ಅಲ್ಲ, ರಕ್ತನಾಳಗಳೂ ಜೀವಕೋಶಗಳೂ ಇವೆ. ತಿರುಳಿನ ಅಂಚಿನಲ್ಲಿ ಸಾಲಾಗಿ ನಿಂತ ಜೀವಕೋಶಗಳು ಡೆಂಟಿನ್ ಕಟ್ಟುವ ಮೇಸ್ತ್ರಿಗಳು. ಹುಳುಕು ಹೊರಗಿಂದ ಕೊರೆಯುತ್ತಾ ಬಂದರೆ ಇವು ಒಳಗಿಂದ ಗೋಡೆಯನ್ನು ದಪ್ಪ ಮಾಡುತ್ತಾ ಹೋಗುತ್ತವೆ. ಹುಳುಕು ನಿಧಾನವಾಗಿದ್ದರೆ ಈ ಓಟದಲ್ಲಿ ಹಲ್ಲೇ ಗೆಲ್ಲಬಹುದು.

ತಿರುಳು ಸತ್ತರೆ ಈ ಕೆಲಸ ನಿಲ್ಲುತ್ತದೆ. ತಣ್ಣಗಿನದು ತಾಗಿದಾಗ ಎಚ್ಚರಿಸುವ ಗಂಟೆಯೂ ನಿಲ್ಲುತ್ತದೆ. ಅದೇ ಹಲ್ಲಿಗೆ ಮತ್ತೆ ಹುಳುಕು ಹತ್ತಿದರೂ ನಿಮಗೆ ಗೊತ್ತಾಗುವುದಿಲ್ಲ. ರೂಟ್ ಕೆನಾಲ್‌ಗಾಗಿ ಕೊರೆದಾಗ ಹಲ್ಲಿನ ಇನ್ನಷ್ಟು ಭಾಗ ಹೋಗುತ್ತದೆ. ಹಾಗಾಗಿ ಮೇಲೆ ಕ್ಯಾಪ್ ಬೇಕಾಗುವುದೂ ಜಾಸ್ತಿ.

ಮಕ್ಕಳಲ್ಲಿ ಇದು ಇನ್ನೂ ಮುಖ್ಯ. ಮಗುವಿಗೆ 6 ವರ್ಷ ಆಗುತ್ತಿದ್ದಂತೆ ಬಾಯಿಯ ಹಿಂಬದಿಯಲ್ಲಿ ಮೊದಲ ಕಾಯಂ ದವಡೆ ಹಲ್ಲು ಬರುತ್ತದೆ. ಹಾಲುಹಲ್ಲು ಯಾವುದೂ ಬೀಳದೆ ಅದು ಸುಮ್ಮನೆ ಹಿಂದೆ ಮೂಡುವುದರಿಂದ ತುಂಬಾ ಜನ ತಾಯಂದಿರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. “ಬಿದ್ದು ಹೋಗೋ ಹಲ್ಲು ತಾನೆ” ಎಂದು ಬಿಟ್ಟುಬಿಡುತ್ತಾರೆ. ಅದು ಬಿದ್ದು ಹೋಗುವ ಹಲ್ಲಲ್ಲ. ಜೀವನಪೂರ್ತಿ ಜಗಿಯಬೇಕಾದ ಹಲ್ಲು. ಅದರ ಬೇರು ಪೂರ್ತಿ ಬೆಳೆಯಲು ಹಲ್ಲು ಮೂಡಿದ ಮೇಲೆ ಸುಮಾರು 3 ವರ್ಷ ಬೇಕು. ಬೇರನ್ನು ಬೆಳೆಸುವುದು ತಿರುಳೇ. ಅಷ್ಟರೊಳಗೆ ತಿರುಳು ಸತ್ತರೆ ಬೇರು ತೆಳ್ಳಗೆ, ಕೊಳವೆಯ ಹಾಗೆ ತುದಿ ತೆರೆದೇ ಉಳಿದುಬಿಡುತ್ತದೆ.

ಮೊದಲು: ನೋವಿನ ಲೆಕ್ಕ ಬರೆದಿಡಿ

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಚೀಟಿಯಲ್ಲಿ ನೋವಿನ ವಿವರ ಬರೆದುಕೊಳ್ಳಿ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ತಿರುಳಿನ ಸ್ಥಿತಿ ಬಗ್ಗೆ ಎಕ್ಸ್‌ರೇ ಹೇಳದ ಸಂಗತಿಯನ್ನು ಈ ಚೀಟಿ ಹೇಳುತ್ತದೆ.

ತಣ್ಣೀರು ಕುಡಿದಾಗ, ಸಿಹಿ ತಿಂದಾಗ ‘ಜುಮ್’ ಎಂದು ಕೆಲವೇ ಸೆಕೆಂಡಿನಲ್ಲಿ ನಿಂತುಹೋಗುತ್ತದೆಯೇ? ಹಾಗಿದ್ದರೆ ಅದು ಒಳ್ಳೆಯ ಸುದ್ದಿ. ತಿರುಳು ಕೆರಳಿದೆ, ಆದರೆ ಚೇತರಿಸಿಕೊಳ್ಳುವ ಹಾಗಿದೆ. ಇಂಥ ಹಲ್ಲುಗಳೇ ನರ ಉಳಿಸುವ ಚಿಕಿತ್ಸೆಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತವೆ.

ಲೋಟ ಕೆಳಗಿಟ್ಟ ಮೇಲೂ ನೋವು ಅರ್ಧ ನಿಮಿಷ, ಒಂದು ನಿಮಿಷ ಎಳೆಯುತ್ತದೆಯೇ? ಬಿಸಿ ಕಾಫಿಗೆ ಜಾಸ್ತಿ ಆಗುತ್ತದೆಯೇ? ಏನೂ ತಿನ್ನದೆ ತಾನಾಗೇ ಶುರುವಾಗುತ್ತದೆಯೇ? ರಾತ್ರಿ ಮಲಗಿದಾಗ ಮಿಡಿದು ಎಬ್ಬಿಸುತ್ತದೆಯೇ? ಆಗ ತಿರುಳಿನ ಉರಿಯೂತ ಮುಂದುವರಿದಿದೆ ಎಂದು ಅರ್ಥ. ಇದಕ್ಕೂ ಒಂದು ದಾರಿ ಇದೆ, ಮುಂದೆ ಹೇಳುತ್ತೇನೆ.

ಇನ್ನೊಂದು, ಜನ ಪದೇ ಪದೇ ಮೋಸ ಹೋಗುವ ವಿಷಯ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಪೂರ್ತಿ ನಿಂತುಬಿಡುತ್ತದೆ. “ವಾಸಿಯಾಯ್ತು” ಎಂದು ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಅದು ವಾಸಿ ಆಗಿದ್ದಲ್ಲ, ತಿರುಳು ಸತ್ತಿದ್ದು. ಆಮೇಲೆ ವಸಡಿನ ಮೇಲೆ ಮೊಡವೆಯಂಥ ಕೀವಿನ ಗುಳ್ಳೆ ಬಂದಾಗಲೇ ತಿಳಿಯುವುದು. ನೋವು ಇರುವಾಗಲೇ ಹೋಗಿ.

ಅಲ್ಲಿವರೆಗೆ ಮನೆಯಲ್ಲಿ ಕೆಲವು ಕೆಲಸ ಮಾಡಬೇಡಿ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿ ಇಟ್ಟುಕೊಂಡರೆ ವಸಡು ಸುಡುತ್ತದೆ, ಹಲ್ಲಿಗೆ ಏನೂ ಆಗುವುದಿಲ್ಲ. ಮಾತ್ರೆ ಇರುವುದು ನುಂಗುವುದಕ್ಕೆ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವು ಮರೆಸುತ್ತದೆ ನಿಜ, ಆದರೆ ಹುಳುಕು ಅಲ್ಲೇ ಇರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ತಿರುಳಿನ ಉರಿಯೂತಕ್ಕೆ ಕೆಲಸ ಮಾಡುವುದಿಲ್ಲ. ಬೀಜ ಸುಟ್ಟ ಹೊಗೆ ಹಿಡಿಸಿ ಹಲ್ಲಿನ ‘ಹುಳ’ ಉದುರಿಸುತ್ತೇವೆ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಇರುವುದು ಬ್ಯಾಕ್ಟೀರಿಯಾ. ಅವು ನಾವು ತಿಂದ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಆಮೇಲೆ: ತಿರುಳು ಬದುಕಿದೆಯಾ ಎಂದು ಪರೀಕ್ಷಿಸಬೇಕು

ಎಕ್ಸ್‌ರೇಯಲ್ಲಿ ಹುಳುಕಿನ ಆಳ ಕಾಣುತ್ತದೆ. ಬೇರಿನ ತುದಿಯ ಮೂಳೆ ಹೇಗಿದೆ ಎನ್ನುವುದು ಕಾಣುತ್ತದೆ. ತಿರುಳಿಗೆ ಜೀವ ಇದೆಯಾ ಎನ್ನುವುದು ಕಾಣುವುದಿಲ್ಲ. ಅದಕ್ಕೆ ತಂಪಿನ ಪರೀಕ್ಷೆ ಬೇಕು. ತಂಪು ಸ್ಪ್ರೇ ಹೊಡೆದ ಹತ್ತಿಯ ಉಂಡೆಯನ್ನು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ, ಆಮೇಲೆ ಹುಳುಕು ಹಲ್ಲಿಗೆ ತಾಗಿಸುತ್ತಾರೆ. ತಾಗಿಸಿದಾಗ ಏನಾಯ್ತು, ತೆಗೆದ ಮೇಲೆ ಎಷ್ಟು ಹೊತ್ತು ಉಳಿಯಿತು ಎಂದು ಸರಿಯಾಗಿ ಹೇಳಿ. ಧೈರ್ಯ ತೋರಿಸಲು ಹೋಗಿ “ಏನೂ ಆಗ್ತಿಲ್ಲ” ಎನ್ನಬೇಡಿ. ನಿಮ್ಮ ಆ ಒಂದು ಮಾತಿನಿಂದ ಬದುಕಿರುವ ಹಲ್ಲು ಸತ್ತ ಹಲ್ಲಿನ ಲೆಕ್ಕಕ್ಕೆ ಸೇರಬಹುದು.

ಹಲ್ಲಿನ ಮೇಲೆ ಮೆಲ್ಲಗೆ ತಟ್ಟಿಯೂ ನೋಡುತ್ತಾರೆ. ವಸಡು ಊದಿದೆಯಾ, ಹಲ್ಲು ಅಲ್ಲಾಡುತ್ತಿದೆಯಾ ಎಂದು ಗಮನಿಸುತ್ತಾರೆ. ಇಷ್ಟೆಲ್ಲ ಸೇರಿ ಐದು ನಿಮಿಷದ ಕೆಲಸ. ಇದು ಆಗದೆ ಬರೀ ಎಕ್ಸ್‌ರೇ ನೋಡಿ ರೂಟ್ ಕೆನಾಲ್ ಎಂದರೆ, “ಡಾಕ್ಟ್ರೇ, ನರಕ್ಕೆ ಜೀವ ಇದೆಯಾ? ತಣ್ಣಗೆ ತಾಗಿಸಿ ನೋಡ್ತೀರಾ?” ಎಂದು ಕೇಳಿ. ಮರ್ಯಾದೆಯಿಂದ ಕೇಳಿದ ಈ ಪ್ರಶ್ನೆಗೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಪಡುವುದಿಲ್ಲ.

ಮುಖ್ಯ ಕೆಲಸ: ಎಷ್ಟು ಕೆರೆಯಬೇಕು, ಎಷ್ಟು ಬಿಡಬೇಕು

ನಾವು ಓದುವಾಗ ಕಲಿತಿದ್ದು, ಹುಳುಕನ್ನು ಒಂದು ಚೂರೂ ಬಿಡದೆ ಗಟ್ಟಿ ತಳ ಸಿಗುವವರೆಗೆ ತೆಗೆಯಬೇಕು ಎಂದು. ನಾನೂ ಶುರುವಿನ ವರ್ಷಗಳಲ್ಲಿ ಹಾಗೇ ಮಾಡಿದೆ. ಆಳದ ಹುಳುಕಿನಲ್ಲಿ ಹಾಗೆ ಕೆರೆಯುತ್ತಾ ಹೋದಾಗ ಒಮ್ಮೆಲೇ ಕೆಂಪು ಚುಕ್ಕೆ ಕಾಣುತ್ತಿತ್ತು. ನರ ತೆರೆಯಿತು, ಇನ್ನು ರೂಟ್ ಕೆನಾಲ್. ಅವುಗಳಲ್ಲಿ ಎಷ್ಟು ಹಲ್ಲನ್ನು ಸುಮ್ಮನೆ ಬಿಟ್ಟಿದ್ದರೆ ಬದುಕುತ್ತಿದ್ದವೋ ಎಂದು ಈಗಲೂ ಮನಸ್ಸಿಗೆ ನೋವಾಗುತ್ತದೆ.

ಈ ವಾದ ಹಳೆಯದು. ಹಲ್ಲನ್ನು ಬಲಿ ಕೊಡುವ ಅಪಾಯಕ್ಕಿಂತ ನರದ ಮೇಲೆ ಬಣ್ಣಗೆಟ್ಟ ಡೆಂಟಿನ್ ಪದರವನ್ನು ಬಿಡುವುದೇ ಮೇಲು ಎಂದು ಇಂಗ್ಲೆಂಡಿನ ದಂತವೈದ್ಯ ಜಾನ್ ಟೋಮ್ಸ್ 1859ರಲ್ಲೇ ಬರೆದಿದ್ದರು. 1908ರಲ್ಲಿ ಅಮೆರಿಕದ ದಂತವೈದ್ಯ ಜಿ.ವಿ. ಬ್ಲ್ಯಾಕ್ ಇದಕ್ಕೆ ತದ್ವಿರುದ್ಧ ಹೇಳಿದರು: ಮೆತ್ತಗಾದ ಡೆಂಟಿನ್ ಬಿಡುವುದಕ್ಕಿಂತ ನರ ತೆರೆದರೂ ಪರವಾಗಿಲ್ಲ. ಬ್ಲ್ಯಾಕ್ ಅವರ ಮಾತೇ ಬಹಳ ಕಾಲ ನಡೆಯಿತು. ಈಗ ಗಾಳಿ ತಿರುಗಿದೆ. 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಶಿಫಾರಸು, 2019ರ ಯುರೋಪಿನ ಎಂಡೋಡಾಂಟಾಲಜಿ (ಹಲ್ಲಿನ ತಿರುಳಿನ ಚಿಕಿತ್ಸೆ) ಸೊಸೈಟಿಯ ಹೇಳಿಕೆ, ಎರಡೂ ಒಂದೇ ಮಾತು ಹೇಳುತ್ತವೆ: ಜೀವ ಇರುವ ಹಲ್ಲಿನಲ್ಲಿ ಆಳದ ಹುಳುಕನ್ನು ಪೂರ್ತಿ ಕೆರೆದು ನರ ತೆರೆಯಬೇಡಿ.

ಹಾಗಾದರೆ ಮಾಡುವುದು ಹೀಗೆ.

ಇಂಜೆಕ್ಷನ್ ಕೊಟ್ಟು ಹಲ್ಲನ್ನು ಮರಗಟ್ಟಿಸುತ್ತಾರೆ. ರಬ್ಬರ್ ಡ್ಯಾಮ್ ಎಂಬ ತೆಳು ರಬ್ಬರ್ ಹಾಳೆಯಲ್ಲಿ ತೂತು ಮಾಡಿ ಆ ಹಲ್ಲನ್ನು ಮಾತ್ರ ಹೊರಗೆ ಬಿಡುತ್ತಾರೆ. ಉಗುಳು, ಅದರ ಜೊತೆಗೆ ಬ್ಯಾಕ್ಟೀರಿಯಾ, ಒಳಗೆ ಹೋಗಬಾರದು ಎಂದು ಇದು. ಕೆಲವರಿಗೆ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತದೆ. ಮೂಗಿನಿಂದ ನಿಧಾನವಾಗಿ ಉಸಿರಾಡಿ, ಎರಡು ನಿಮಿಷಕ್ಕೆ ಒಗ್ಗುತ್ತದೆ. ನರ ಉಳಿಸುವ ಕೆಲಸದಲ್ಲಿ ಈ ಹಾಳೆ ತುಂಬಾ ಮುಖ್ಯ ಎಂದು ನಾನು ನಂಬುತ್ತೇನೆ.

ಆಮೇಲೆ ಗುಳಿಯ ಸುತ್ತಲಿನ ಗೋಡೆ, ಅಂಚು ಎಲ್ಲವನ್ನೂ ಗಟ್ಟಿಯಾಗುವವರೆಗೆ ಶುಚಿ ಮಾಡುತ್ತಾರೆ. ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಫಿಲ್ಲಿಂಗ್ ಹಿಡಿದು ನಿಲ್ಲುವುದು ಈ ಅಂಚಿನ ಮೇಲೆ. ಆದರೆ ತಳದಲ್ಲಿ, ನರದ ನೆತ್ತಿಯ ಮೇಲೆ, ಕೈ ನಿಧಾನವಾಗಬೇಕು. ತೇವವಾಗಿ, ಚೂರು ಚೂರಾಗಿ ಬರುವುದನ್ನು ಸಣ್ಣ ಚಮಚದಂಥ ಸಲಕರಣೆಯಿಂದ ಮೇಲಿಂದ ಮೇಲೆ ತೆಗೆದು, ನರದ ಮೇಲಿನ ಕೊನೆಯ ಮೆತ್ತಗಿನ ಪದರವನ್ನು ಹಾಗೇ ಬಿಡುತ್ತಾರೆ. ಅದರ ಮೇಲೆ ಭದ್ರವಾಗಿ ಮುಚ್ಚುತ್ತಾರೆ.

“ಹುಳುಕನ್ನು ಒಳಗೇ ಬಿಟ್ಟು ಮುಚ್ಚೋದಾ?” ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ನನ್ನನ್ನು ಹೀಗೇ ಕೇಳಿದ್ದರು, ಮುಖದಲ್ಲಿ ಗಾಬರಿ. ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಲೆಯಲ್ಲಿ ಕೆಂಡ ಇದೆ. ಮೇಲೆ ಗಾಳಿಯಾಡದ ಹಾಗೆ ಮುಚ್ಚಿದರೆ ಕೆಂಡ ಆರುತ್ತದೆ. ಹಾಗೆಯೇ ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಹೊರಗಿನ ಸಕ್ಕರೆ ಸಿಗದೆ ಹೋದರೆ ಹೆಚ್ಚಿನವು ಸಾಯುತ್ತವೆ, ಉಳಿದವು ಸುಮ್ಮನಾಗುತ್ತವೆ. ಮೆತ್ತಗಿದ್ದ ಡೆಂಟಿನ್ ಒಣಗಿ, ಕಪ್ಪಾಗಿ, ಗಟ್ಟಿಯಾಗುತ್ತದೆ. ಒಳಗಿಂದ ಮೇಸ್ತ್ರಿಗಳೂ ಗೋಡೆ ಕಟ್ಟುತ್ತಾರೆ.

ಕೆಲವು ಹಲ್ಲುಗಳಲ್ಲಿ ಇದನ್ನು ಎರಡು ಕಂತಿನಲ್ಲಿ ಮಾಡುತ್ತಾರೆ. ಮೊದಲು ಮುಚ್ಚಿ, 6ರಿಂದ 12 ತಿಂಗಳು ಬಿಟ್ಟು ಮತ್ತೆ ತೆಗೆದು, ಆ ಹೊತ್ತಿಗೆ ಗಟ್ಟಿಯಾದ ತಳವನ್ನು ನೋಡಿ, ಇನ್ನಷ್ಟು ಶುಚಿ ಮಾಡಿ ಕಾಯಂ ಫಿಲ್ಲಿಂಗ್ ಹಾಕುವ ಕ್ರಮ ಇದು. ಡೆನ್ಮಾರ್ಕಿನಲ್ಲಿ ಈ ಎರಡು ಕಂತಿನ ಕ್ರಮದ ಮೇಲೆ ದೊಡ್ಡ ಕೆಲಸ ನಡೆದಿದೆ. ಇದರಲ್ಲಿ ಒಂದು ಅಪಾಯ ಇದೆ. ಮೊದಲ ಕಂತು ಮುಗಿದ ಮೇಲೆ ನೋವು ಇರುವುದಿಲ್ಲ, ಜನ ವಾಪಸ್ ಬರುವುದೇ ಇಲ್ಲ. ತಾತ್ಕಾಲಿಕ ಫಿಲ್ಲಿಂಗ್ ಸವೆದು ಸೋರುತ್ತದೆ, ಎಲ್ಲ ಹಾಳಾಗುತ್ತದೆ. ಹಾಗಾಗಿ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವರಿಗೆ ನಾನು ಒಂದೇ ಕಂತಿನಲ್ಲಿ ಮುಗಿಸುವುದನ್ನೇ ಇಷ್ಟಪಡುತ್ತೇನೆ.

ನರ ತೆರೆದುಕೊಂಡರೆ

ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ತೆರೆಯುತ್ತದೆ. ಆಗಲೂ ಎಲ್ಲ ಮುಗಿದಿಲ್ಲ.

1965ರಲ್ಲಿ ಅಮೆರಿಕದಲ್ಲಿ ಕಕೆಹಾಶಿ ಮತ್ತು ಜೊತೆಗಾರರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹಲ್ಲು ಕೊರೆದು ತಿರುಳನ್ನು ತೆರೆದು ಹಾಗೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆಯಿತು. ಬ್ಯಾಕ್ಟೀರಿಯಾವೇ ಇಲ್ಲದ ಹಾಗೆ ಸಾಕಿದ ಇಲಿಗಳಲ್ಲಿ ತೂತಿನ ಮೇಲೆ ಹೊಸ ಡೆಂಟಿನ್ ಸೇತುವೆ ಕಟ್ಟಿಕೊಂಡು ಗಾಯ ಮಾಯಿತು. ಅಂದರೆ ತಿರುಳನ್ನು ಕೊಲ್ಲುವುದು ಗಾಯ ಅಲ್ಲ, ಬ್ಯಾಕ್ಟೀರಿಯಾ. ನರ ಉಳಿಸುವ ಇಂದಿನ ಚಿಕಿತ್ಸೆಯ ಬೆನ್ನೆಲುಬು ಇದೇ ಅರಿವು.

ತೆರೆದ ಜಾಗಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿದ ಹತ್ತಿ ಇಟ್ಟು ಮೆಲ್ಲಗೆ ಒತ್ತುತ್ತಾರೆ. ಕೆಲವು ನಿಮಿಷದಲ್ಲಿ ರಕ್ತ ನಿಂತರೆ ತಿರುಳು ಆರೋಗ್ಯವಾಗಿದೆ ಎಂಬ ಸೂಚನೆ. ನೇರವಾಗಿ ಅದರ ಮೇಲೆ ಔಷಧಿ ಸಿಮೆಂಟ್ ಇಟ್ಟು ಮುಚ್ಚಬಹುದು. ನಿಲ್ಲದಿದ್ದರೆ ತಿರುಳಿನ ಮೇಲಿನ 2–3 ಮಿಲಿಮೀಟರ್ ಕೆರಳಿದ ಭಾಗವನ್ನು ತೆಗೆದು, ಕೆಳಗಿನ ಒಳ್ಳೆಯ ಭಾಗದ ಮೇಲೆ ಸಿಮೆಂಟ್ ಇಡುತ್ತಾರೆ. ಇನ್ನೂ ಬೇಕಾದರೆ ಹಲ್ಲಿನ ತಲೆಯೊಳಗಿನ ತಿರುಳನ್ನೆಲ್ಲ ತೆಗೆದು ಬೇರಿನೊಳಗಿನದನ್ನು ಮಾತ್ರ ಉಳಿಸುತ್ತಾರೆ. ಇದರ ಹೆಸರು ಪಲ್ಪೊಟಮಿ. ರಾತ್ರಿ ನೋವು ಎಬ್ಬಿಸುವ ಹಂತಕ್ಕೆ ಹೋದ ಹಲ್ಲುಗಳಿಗೂ ದಾರಿ ಇದೆ ಎಂದೆನಲ್ಲ, ಅದು ಇದೇ. ಮೊದಲು ಇದನ್ನು ಮಕ್ಕಳ ಹಲ್ಲಿಗೆ ಮಾತ್ರ ಎಂದುಕೊಂಡಿದ್ದೆವು. ಈಗ ದೊಡ್ಡವರ ಹಲ್ಲಿಗೂ, ಆಯ್ದ ಸಂದರ್ಭಗಳಲ್ಲಿ, ಮಾಡುತ್ತಿದ್ದೇವೆ.

ಸಿಮೆಂಟಿನ ಬಗ್ಗೆ ಎರಡು ಮಾತು. 1920ರಲ್ಲಿ ಜರ್ಮನಿಯ ಹರ್ಮನ್ ತಂದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಹಳ ಕಾಲ ಆಳಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಟೊರಾಬಿನೆಜಾದ್ ಅವರು ಎಂಟಿಎ ಎಂಬ ಸಿಮೆಂಟ್ ರೂಪಿಸಿದರು. ಅದರ ಮೂಲ ನಮ್ಮ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನದೇ ರಾಸಾಯನಿಕ ಕುಟುಂಬ, ಆದರೆ ಶುದ್ಧ ಮಾಡಿ ಹಲ್ಲಿಗೆಂದೇ ತಯಾರಿಸಿದ್ದು. ತೇವದಲ್ಲೂ ಗಟ್ಟಿಯಾಗುತ್ತದೆ, ಚೆನ್ನಾಗಿ ಮುಚ್ಚುತ್ತದೆ. ಗಟ್ಟಿಯಾಗಲು ಗಂಟೆಗಳು ಬೇಕು, ಹಲ್ಲಿಗೆ ಬೂದು ಬಣ್ಣ ಹತ್ತಿಸಬಹುದು. ಹಾಗಾಗಿ ಮುಂಭಾಗದ ಹಲ್ಲಿಗೆ ಅದು ಬೇಡ. ಆಮೇಲೆ ಬಂದ ಬಯೋಡೆಂಟಿನ್ ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಇವು ದುಬಾರಿ. “ಯಾವ ಮೆಟೀರಿಯಲ್ ಹಾಕ್ತೀರಿ, ಎಷ್ಟಾಗುತ್ತೆ” ಎಂದು ಮೊದಲೇ ಕೇಳಿಕೊಳ್ಳಿ. ಡೆಂಟಲ್ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಅಲ್ಲಿ ಕನ್ಸರ್ವೇಟಿವ್ ಡೆಂಟಿಸ್ಟ್ರಿ ವಿಭಾಗಕ್ಕೆ ಹೋಗಿ. ಮಕ್ಕಳಾದರೆ ಪಿಡೊಡಾಂಟಿಕ್ಸ್.

ಯಾವಾಗ ಆಗುವುದಿಲ್ಲ? ತಿರುಳು ಸತ್ತಿದ್ದರೆ, ಬೇರಿನ ತುದಿಯಲ್ಲಿ ಕೀವು ಕಟ್ಟಿದ್ದರೆ, ರಕ್ತ ನಿಲ್ಲದೇ ಹೋದರೆ. ಆಗ ರೂಟ್ ಕೆನಾಲ್ ಒಳ್ಳೆಯ ಚಿಕಿತ್ಸೆ, ಹೆದರಬೇಡಿ. ಕೀಳಿಸುವುದಕ್ಕಿಂತ ನೂರು ಪಾಲು ಮೇಲು.

ಮುಚ್ಚಳ ಸೋರಿದರೆ ಎಲ್ಲ ಹಾಳು

ಒಳಗೆ ಯಾವ ಔಷಧಿ ಇಟ್ಟರು ಎನ್ನುವುದಕ್ಕಿಂತ ಮೇಲಿನ ಫಿಲ್ಲಿಂಗ್ ಎಷ್ಟು ಭದ್ರ ಎನ್ನುವುದೇ ಹಲ್ಲಿನ ಹಣೆಬರಹ ಬರೆಯುತ್ತದೆ. ಸಾಧ್ಯವಾದರೆ ಅದೇ ದಿನ ಕಾಯಂ ಫಿಲ್ಲಿಂಗ್ ಹಾಕಿಸಿಕೊಳ್ಳಿ. ಗೋಡೆಗಳು ತೆಳ್ಳಗಿದ್ದರೆ ಕ್ಯಾಪ್ ಹೇಳುತ್ತಾರೆ, ಅದನ್ನು ಮುಂದೂಡಬೇಡಿ.

ಹಾಲುಹಲ್ಲಿನಲ್ಲಿ ಈ ಮಾತಿಗೆ ಒಂದು ಸೊಗಸಾದ ಉದಾಹರಣೆ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರು ಮಕ್ಕಳ ಹುಳುಕು ದವಡೆ ಹಲ್ಲನ್ನು ಕೊರೆಯದೆ, ಇಂಜೆಕ್ಷನ್ ಇಲ್ಲದೆ, ನೇರವಾಗಿ ಸ್ಟೀಲ್ ಕ್ಯಾಪ್ ಅಂಟಿಸುತ್ತಿದ್ದರು. ಹುಳುಕು ಒಳಗೇ ಮುಚ್ಚಿ ನಿಂತುಹೋಗುತ್ತಿತ್ತು. ಈಗ ಅದು ಹಾಲ್ ಟೆಕ್ನಿಕ್ ಎಂದೇ ಹೆಸರಾಗಿದೆ. ನೋವು, ಗುಳ್ಳೆ ಇಲ್ಲದ ಹಾಲುಹಲ್ಲಿಗೆ ಇದು ಆಗುತ್ತದಾ ಎಂದು ಮಕ್ಕಳ ದಂತವೈದ್ಯರನ್ನು ಕೇಳಿ ನೋಡಿ. ಬೆಳ್ಳಿ ಬಣ್ಣದ ಹಲ್ಲು ನೋಡಿ ಅಜ್ಜಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಮಗು ಅಳದೆ ಮನೆಗೆ ಬಂದಿದ್ದು ನೋಡಿ ಸಮಾಧಾನವಾಗುತ್ತಾರೆ.

ಮನೆಗೆ ಬಂದ ಮೇಲೆ

ಮರಗಟ್ಟಿದ್ದು ಬಿಡುವವರೆಗೆ ಏನೂ ಜಗಿಯಬೇಡಿ. ಮಕ್ಕಳು ತುಟಿ, ಕೆನ್ನೆ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ, ಪಕ್ಕದಲ್ಲೇ ಇರಿ. ಕೆಲವು ದಿನ ತಣ್ಣಗಿನದಕ್ಕೆ ಜುಮ್ ಅನ್ನಬಹುದು. ದಿನೇ ದಿನೇ ಕಡಿಮೆಯಾಗುತ್ತಾ ಬಂದರೆ ಸರಿ. ಜಾಸ್ತಿಯಾಗುತ್ತಾ ಹೋದರೆ, ತಾನಾಗೇ ನೋವು ಶುರುವಾದರೆ, ರಾತ್ರಿ ಎಬ್ಬಿಸಿದರೆ, ಊದಿಕೊಂಡರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಫೋನ್ ಮಾಡಿ. ಜಗಿದಾಗ ಮಾತ್ರ ನೋವಿದ್ದರೆ ಫಿಲ್ಲಿಂಗ್ ಸ್ವಲ್ಪ ಎತ್ತರ ಇರಬಹುದು. ಡಾಕ್ಟರು ಅದನ್ನು ಸ್ವಲ್ಪ ಉಜ್ಜಿ ಸರಿಮಾಡಿದರೆ ಸಾಕು.

ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ. ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ 1000ದಿಂದ 1500 ಪಿಪಿಎಂ ಎಂದು ಇದೆಯಾ ನೋಡಿ. ಉಜ್ಜಿದ ಮೇಲೆ ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಅದಕ್ಕಿಂತ ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಸಕ್ಕರೆ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಸಲ ಎನ್ನುವುದೂ ಮುಖ್ಯ. ಊಟದ ಜೊತೆ ತಿಂದ ಒಂದು ಹೋಳಿಗೆಗಿಂತ ದಿನಕ್ಕೆ ಆರು ಸಲ ಕುಡಿಯುವ ಸಕ್ಕರೆ ಚಹಾ ಹಲ್ಲಿಗೆ ಕೆಟ್ಟದ್ದು.

ವಾಪಸ್ ಹೋಗುವುದು, ಕಾಗದ ಇಟ್ಟುಕೊಳ್ಳುವುದು

6 ತಿಂಗಳಿಗೆ ಒಂದು ಸಲ, 12 ತಿಂಗಳಿಗೆ ಒಂದು ಸಲ, ಆಮೇಲೆ ಕೆಲವು ವರ್ಷ ವರ್ಷಕ್ಕೊಮ್ಮೆ ತೋರಿಸಬೇಕು. ತಂಪಿನ ಪರೀಕ್ಷೆ, ಎಕ್ಸ್‌ರೇ ಎರಡೂ ಮಾಡುತ್ತಾರೆ. ತಿರುಳು ಸದ್ದಿಲ್ಲದೆ ಸಾಯಬಹುದು, ಅದಕ್ಕೆ ಈ ಕಾವಲು.

ಮೇಲೆ ಹೇಳಿದ ಹತ್ತನೇ ಕ್ಲಾಸಿನ ಹುಡುಗಿ ಪಿಯುಸಿಗೆ ಬೇರೆ ಊರಿನ ಹಾಸ್ಟೆಲ್‌ಗೆ ಹೊರಟಳು. ಹೋಗುವ ಮುಂಚೆ ಬಂದಾಗ ಅವಳ ಕೈಗೆ ಒಂದು ಚೀಟಿ ಕೊಟ್ಟೆ. ಯಾವ ಹಲ್ಲು, ಯಾವ ತಾರೀಕು, ನರದ ಮೇಲೆ ಬೇಕೆಂದೇ ಮೆತ್ತಗಿನ ಡೆಂಟಿನ್ ಬಿಡಲಾಗಿದೆ, ಯಾವ ಸಿಮೆಂಟ್ ಹಾಕಲಾಗಿದೆ. ಜೊತೆಗೆ ಮೊದಲಿನ ಎಕ್ಸ್‌ರೇ ಮತ್ತು ಆಮೇಲಿನ ಎಕ್ಸ್‌ರೇ, ಎರಡನ್ನೂ ಅವಳ ಫೋನಿಗೆ ಕಳಿಸಿದೆ. ನೀವೂ ಈ ಚೀಟಿಯನ್ನು ಕೇಳಿ ಪಡೆಯಿರಿ. ಬಿಟ್ಟ ಪದರ ಎಕ್ಸ್‌ರೇಯಲ್ಲಿ ಫಿಲ್ಲಿಂಗ್ ಕೆಳಗೆ ಕಪ್ಪು ನೆರಳಾಗಿ ಕಾಣುತ್ತದೆ. ಹಿನ್ನೆಲೆ ಗೊತ್ತಿಲ್ಲದ ಹೊಸ ಡಾಕ್ಟರು ಅದನ್ನು ಹೊಸ ಹುಳುಕು ಎಂದುಕೊಂಡು ಹಲ್ಲು ತೆರೆದುಬಿಡಬಹುದು. ಹಳೆಯ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದರೆ ನೆರಳು ಬೆಳೆದಿದೆಯೋ ಅಷ್ಟೇ ಇದೆಯೋ ಅವರಿಗೆ ಕೂಡಲೇ ತಿಳಿಯುತ್ತದೆ.